ಮಾತ್ರೆ ಡಬ್ಬಿ ವಾಪಸ್ ಕೊಡುವ ವ್ಯಸನಮುಕ್ತಿ ಕೇಂದ್ರಕ್ಕೆ ನಿಮ್ಮವರನ್ನು ಸೇರಿಸಬೇಡಿ

"ಮೊದಲು ಕುಡಿತ ಬಿಡಿಸೋಣ, ತಲೆ ವಿಚಾರ ಆಮೇಲೆ ನೋಡೋಣ." ಕೇಂದ್ರದವರು ಹೀಗೆ ಮಾತು ಶುರು ಮಾಡಿದರೆ ಅಲ್ಲಿಂದಲೇ ಎದ್ದು ಬನ್ನಿ. ಕುಡಿತದ ಜೊತೆಗೆ ಬೈಪೋಲಾರ್ (ಒಮ್ಮೆ ಉನ್ಮಾದ, ಅಂದರೆ ಅತಿ ಹುರುಪು, ಒಮ್ಮೆ ಖಿನ್ನತೆ ಬರುವ ಕಾಯಿಲೆ), ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬುವ ಕಾಯಿಲೆ) ಅಥವಾ ತೀವ್ರ ಖಿನ್ನತೆ ಇರುವವರಿಗೆ ಈ ಒಂದು ಮಾತಿನಿಂದ ಆಗುವ ಅನಾಹುತಗಳನ್ನು ಒಬ್ಬ ವ್ಯಕ್ತಿಯ ಮೇಲಿಟ್ಟು ಹೇಳುತ್ತಿದ್ದೇವೆ. ಇದು ಹಲವು ಮನೆಗಳಲ್ಲಿ ಮತ್ತೆ ಮತ್ತೆ ಆಗುವ ಸಂಗತಿ. ಊರು, ಕೇಂದ್ರದ ಹೆಸರು ಬೇಕೆಂದೇ ಬಿಟ್ಟಿದ್ದೇವೆ.

ವಯಸ್ಸು ನಲವತ್ತರ ಆಸುಪಾಸು. ಬೈಪೋಲಾರ್‌ಗೆ ದಿನಕ್ಕೆ ಲಿಥಿಯಂ 300 ಮಿ.ಗ್ರಾಂ.ನ ಮೂರು ಮಾತ್ರೆ, ರಾತ್ರಿ ಒಲಾಂಜಪಿನ್ 10 ಮಿ.ಗ್ರಾಂ. ಕುಡಿತ ದಿನಕ್ಕೆ ಮೂರು ಕ್ವಾರ್ಟರ್, ಅಂದರೆ 540 ಮಿ.ಲೀ. ಜೊತೆಗೆ ಒಂದು ಕಟ್ಟು ಬೀಡಿ. ಮನೆಯವರು ಸಾಕಾಗಿ ಫೋನ್ ಮಾಡಿದ ರಾತ್ರಿಯೇ ಕೇಂದ್ರದ ಗಾಡಿ ಬಂತು, ನಾಲ್ಕು ಜನ ಹಿಡಿದು ಹತ್ತಿಸಿದರು. ತೊಂಬತ್ತು ದಿನದ ಪ್ಯಾಕೇಜು, ದುಡ್ಡು ಮುಂಗಡ. ಹೆಂಡತಿ ಮಾತ್ರೆ ಡಬ್ಬಿ ಕೊಡಲು ಹೋದಾಗ ಸಿಬ್ಬಂದಿ, "ಅಕ್ಕಾ, ಇವೂ ಒಂದು ನಶೆನೇ, ಮನೆಗೆ ತಗೊಂಡು ಹೋಗಿ" ಎಂದು ವಾಪಸ್ ಕೊಟ್ಟರು.

ಲಿಥಿಯಂ ನಶೆಯ ಮಾತ್ರೆಯಲ್ಲ. ಅದನ್ನು ದಿಢೀರನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ಹಾಗಂತ ಕಣ್ಣುಮುಚ್ಚಿ ಮುಂದುವರಿಸುವುದೂ ತಪ್ಪು. ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ವಾಂತಿ, ಬೆವರು, ಊಟ ಸೇರದಿರುವುದು ಸಾಮಾನ್ಯ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದಾಗ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗುತ್ತದೆ. ಸಾಮಾನ್ಯವಾಗಿ ಅದರ ಮಟ್ಟ ಲೀಟರ್ ರಕ್ತಕ್ಕೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು, 1.5 ದಾಟಿದರೆ ಕೈ ಜೋರಾಗಿ ನಡುಗುವುದು, ತೊದಲು, ತೂರಾಡುವ ನಡಿಗೆ. ನೋಡಿದವರಿಗೆ ಕುಡಿದವನಂತೆಯೇ ಕಾಣುತ್ತಾನೆ! ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಟ್ಟರಂತೂ ಮಟ್ಟ ಇನ್ನೂ ಏರುತ್ತದೆ. ಕೊಡಬೇಕೋ, ಕಡಿಮೆ ಮಾಡಬೇಕೋ, ಎರಡು ದಿನ ತಡೆಯಬೇಕೋ ಎಂದು ರಕ್ತಪರೀಕ್ಷೆ ನೋಡಿ ಮನೋವೈದ್ಯರು ಹೇಳಬೇಕು. ಡಬ್ಬಿ ವಾಪಸ್ ಕೊಟ್ಟ ಕಡೆ ಈ ಯೋಚನೆ ಮಾಡುವವರು ಯಾರೂ ಇರಲಿಲ್ಲ.

ಎರಡನೇ ದಿನ ಫಿಟ್ಸ್ ಬಂತು. ದಿನವೂ ಇಷ್ಟು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈನಡುಕ ಶುರು, ಮೊದಲ 48 ಗಂಟೆಯೊಳಗೆ ಫಿಟ್ಸ್ ಭಯ, ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು, ಐದರಿಂದ ಹತ್ತು ದಿನಗಳಲ್ಲಿ ಇಳಿಸುತ್ತ ಬಂದು ನಿಲ್ಲಿಸುವುದು ಕ್ರಮ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಇಲ್ಲಿ ಅದ್ಯಾವುದೂ ಇಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರು. ಡ್ರಿಪ್ ಹಾಕಿದರೆ ಏನೋ ಮಾಡಿದರು ಎಂಬ ಸಮಾಧಾನ ನಮ್ಮ ಜನಕ್ಕೆ. ಆದರೆ ವರ್ಷಗಟ್ಟಲೆ ಕುಡಿದ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ಅದನ್ನು ಇಂಜೆಕ್ಷನ್‌ನಲ್ಲಿ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು: ಗೊಂದಲ, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು, ನಿಂತರೆ ವಾಲುವುದು. ಚಿಕಿತ್ಸೆ ತಡವಾದರೆ ಮರೆವು ಶಾಶ್ವತವಾಗಿ ಉಳಿಯಬಹುದು. ಕುಡಿಯುವವರ ಕರುಳು ಮಾತ್ರೆಯಿಂದ ಬಿ1 ಅನ್ನು ಸರಿಯಾಗಿ ಹೀರಿಕೊಳ್ಳದ ಕಾರಣ ಮೊದಲ ದಿನಗಳಲ್ಲಿ ಬರೀ ಮಾತ್ರೆ ಸಾಲದು.

ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿಯುತ್ತಿವೆ ಎಂದು ಕಿರುಚಿದ. ನಾಟಕ ಎಂದು ಮಂಚಕ್ಕೆ ಸರಪಳಿ ಹಾಕಿದರು. ಸನ್ನಿ ನಾಟಕವಲ್ಲ, ಪ್ರಾಣ ತೆಗೆಯುವ ಸ್ಥಿತಿ. ಆ ಹೊತ್ತಿಗೆ ಬೇಕಿದ್ದದ್ದು 108 ಮತ್ತು ಐಸಿಯು ಇರುವ ಆಸ್ಪತ್ರೆ.

ಅದೃಷ್ಟಕ್ಕೆ ಬದುಕಿಕೊಂಡ. ಹತ್ತು ದಿನ ಕಳೆಯುವಷ್ಟರಲ್ಲಿ ಊಟ, ನಡಿಗೆ ಎಲ್ಲ ಸರಿಯಾಯಿತು. ಯಾರ ಕಣ್ಣಿಗೂ ಬೀಳದ ತಪ್ಪು ಆಗಿದ್ದು ಇದಾದ ಮೇಲೆ. ನಾಲ್ಕನೇ ವಾರ ಆತ ಬೆಳಗಿನ ಮೂರಕ್ಕೆ ಎದ್ದು ನೆಲ ಗುಡಿಸತೊಡಗಿದ. ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಮಾತು. ಹೊರಗೆ ಹೋದ ಮೇಲೆ ತಾನೇ ಹತ್ತು ಕೇಂದ್ರ ತೆರೆಯುತ್ತೇನೆ, ತಮ್ಮನ ಸೈಟು ಮಾರಿಸುತ್ತೇನೆ ಎಂದ. ಕೇಂದ್ರದವರಿಗೆ ಖುಷಿಯೋ ಖುಷಿ. ಹೊಸಬರಿಗೆ ಮಾದರಿ ಎಂದು ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು. ರಾತ್ರಿ ಎರಡೇ ಗಂಟೆ ನಿದ್ದೆ ಮಾಡಿಯೂ ದಣಿವಿಲ್ಲದವನನ್ನು ನೋಡಿ ಉನ್ಮಾದ ಎಂದು ಗುರುತಿಸಲು ಒಂದು ನಿದ್ದೆಯ ಪಟ್ಟಿ ಸಾಕಿತ್ತು, ಆದರೆ ಅದನ್ನು ಯಾರೂ ಬರೆದಿಡುತ್ತಿರಲಿಲ್ಲ. ಹೀಗೆ ಮನೆಗೆ ಬಂದವನು ಮೊದಲ ವಾರವೇ ಬಾರಿಗೆ ಹೋದರೆ ಛಲವಿಲ್ಲ ಎಂದು ದೂರುವುದು ನ್ಯಾಯವಲ್ಲ. ಉನ್ಮಾದದಲ್ಲಿರುವವರ ಕೈಯಲ್ಲಿ ಛಲ ನಿಲ್ಲುವುದಿಲ್ಲ.

ಡಿಸ್ಚಾರ್ಜ್ ದಿನ ಹೆಂಡತಿ ಕೈಗೆ ಡಿಸಲ್ಫಿರಾಮ್ ಮಾತ್ರೆ ಕೊಟ್ಟು, ಗೊತ್ತಾಗದ ಹಾಗೆ ಕಾಫಿಯಲ್ಲಿ ಹಾಕಿ ಎಂದರು. ಇದನ್ನು ಯಾರು ಹೇಳಿದರೂ ಮಾಡಬೇಡಿ. ಈ ಮಾತ್ರೆ ಮೈಯಲ್ಲಿರುವಾಗ ಮದ್ಯ ಸೇರಿದರೆ ಹತ್ತರಿಂದ ಮೂವತ್ತು ನಿಮಿಷದೊಳಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಕುಸಿಯುತ್ತದೆ, ಸಾಯಲೂಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪ್ರಭಾವ ಉಳಿಯಬಹುದು. ವಿಷಯ ಗೊತ್ತಿದ್ದು, ಒಪ್ಪಿ, ಲಿವರ್ ಪರೀಕ್ಷೆ ಮಾಡಿಸಿಕೊಂಡವರಿಗೆ ಮಾತ್ರ ಇದು ಔಷಧಿ. ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಸ್ಥಿತಿ, ಇರುವವರಲ್ಲಿ ಕಾಯಿಲೆಯನ್ನೇ ಕೆರಳಿಸಬಲ್ಲದು. "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ" ಎಂಬ ಗೋಡೆ ಜಾಹೀರಾತಿನ ಪುಡಿಗಳ ಒಳಗೆ ಏನಿದೆ ಎಂದು ಕೊಟ್ಟವರೂ ಹೇಳುವುದಿಲ್ಲ, ಆದ್ದರಿಂದ ಅವಕ್ಕೂ ಇದೇ ಮಾತು.

ಬೀಡಿಯ ಬಗ್ಗೆ ಡಾಕ್ಟರುಗಳೂ ಕೆಲವೊಮ್ಮೆ ಮರೆಯುವ ವಿಷಯವೊಂದಿದೆ. ಹೊಗೆ ಒಲಾಂಜಪಿನ್, ಸ್ಕಿಜೋಫ್ರೇನಿಯಾಗೆ ಕೊಡುವ ಕ್ಲೋಜಪಿನ್ ಎರಡನ್ನೂ ಮೈಯಿಂದ ಬೇಗ ಹೊರಹಾಕಿಸುತ್ತದೆ. ಕೇಂದ್ರದಲ್ಲಿ ಬೀಡಿ ನಿಷೇಧವಾಗಿ ಮಾತ್ರೆ ಮಾತ್ರ ಹಾಗೇ ಮುಂದುವರಿದರೆ ಅದೇ ಡೋಸ್ ಹೆಚ್ಚಾಗಿ ಮಂಪರು, ತಲೆಸುತ್ತು ಬರುತ್ತದೆ. ಕ್ಲೋಜಪಿನ್ ಆದರೆ ಫಿಟ್ಸ್ ಕೂಡ. ನಿಕೋಟಿನ್ ಚೂಯಿಂಗ್ ಗಮ್ ಕೊಟ್ಟರೂ ಇದು ತಪ್ಪುವುದಿಲ್ಲ, ಏಕೆಂದರೆ ಆ ಕೆಲಸ ಮಾಡುವುದು ನಿಕೋಟಿನ್ ಅಲ್ಲ, ಹೊಗೆ.

ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಯೂ ಸೇರಿದೆ. ಹಾಗಾಗಿ ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಆ ಪತ್ರ ತೋರಿಸಿ ಎನ್ನಿ. ಒಪ್ಪಿಗೆ ಇಲ್ಲದವರನ್ನು ಸೇರಿಸಲು 89ನೇ ಕಲಂ ಪ್ರಕಾರ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಅದೂ ಗರಿಷ್ಠ 30 ದಿನ. ಮುಂದುವರಿಸಬೇಕಾದರೆ ಮತ್ತೆ ಪರೀಕ್ಷೆಯಾಗಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂದೆ ಹೋಗಬೇಕು. ರಾತ್ರೋರಾತ್ರಿ ಎತ್ತಿಕೊಂಡು ಹೋಗುವ ಗಾಡಿಗೂ ತೊಂಬತ್ತು ದಿನದ ಪ್ಯಾಕೇಜಿಗೂ ಇಲ್ಲಿ ಜಾಗವೇ ಇಲ್ಲ. ಸರಪಳಿ ಹಾಕುವುದನ್ನು 95ನೇ ಕಲಂ ಪೂರ್ತಿ ನಿಷೇಧಿಸಿದೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ದೂರವಾದರೆ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಮನೋವೈದ್ಯಕೀಯ ವಿಭಾಗ. ಎಲ್ಲಿ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವಾಗ ಮಾತ್ರೆ ಡಬ್ಬಿ, ಹಳೆ ಚೀಟಿಗಳ ಜೊತೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಕುಡಿತ ಯಾವ ವರ್ಷ ಶುರುವಾಯಿತು, ನಿದ್ದೆ ಕೆಟ್ಟದ್ದು, ಮಂಕು ಕವಿದದ್ದು ಅದಕ್ಕೆ ಮೊದಲೋ ಆಮೇಲೋ, ಹೆಚ್ಚೆಂದರೆ ಎಷ್ಟು ತಿಂಗಳು ಕುಡಿಯದೆ ಇದ್ದರು, ಆಗ ಮನಸ್ಸು ಹೇಗಿತ್ತು, ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ. ಕುಡಿತದಿಂದಲೇ ಬಂದ ಖಿನ್ನತೆಯಾದರೆ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಕುಡಿಯದ ತಿಂಗಳುಗಳಲ್ಲೂ ಇತ್ತು ಎಂದಾದರೆ ಅದು ಬೇರೆಯೇ ಕಾಯಿಲೆ, ಅದಕ್ಕೂ ಚಿಕಿತ್ಸೆ ಬೇಕು. ಆದರೆ ಸಾಯುವ ಮಾತು, ಉನ್ಮಾದ, ಇಲ್ಲದ ದನಿ ಕೇಳುವುದು ಇದ್ದರೆ ನಾಲ್ಕು ವಾರ ಕಾಯುವ ಪ್ರಶ್ನೆಯೇ ಇಲ್ಲ.

ಈಗಾಗಲೇ ಇಂಥ ಕೇಂದ್ರದಿಂದ ಹೊರಬಂದವರ ಮನೆಯವರು ಹಳೆ ಡಬ್ಬಿಯ ಲಿಥಿಯಂ ಅನ್ನು ಅದೇ ಲೆಕ್ಕದಲ್ಲಿ ಶುರು ಮಾಡಿಬಿಡಬೇಡಿ. ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ), ಥೈರಾಯ್ಡ್ ಪರೀಕ್ಷೆಯಾಗಲಿ. ಡಾಕ್ಟರು ಹೇಳಿದ ಡೋಸ್ ಶುರುವಾಗಿ ಐದರಿಂದ ಏಳು ದಿನಕ್ಕೆ ಲಿಥಿಯಂ ಮಟ್ಟ ನೋಡಿಸಿ. ರಕ್ತ ಕೊಡಬೇಕಾದದ್ದು ರಾತ್ರಿ ಮಾತ್ರೆ ನುಂಗಿ 12 ತಾಸು ಕಳೆದ ಮೇಲೆ, ಬೆಳಗಿನ ಮಾತ್ರೆ ತೆಗೆದುಕೊಳ್ಳುವ ಮುಂಚೆ. ಇದನ್ನು ಲ್ಯಾಬಿನವರು ಕೇಳದಿದ್ದರೂ ನೀವೇ ಹೇಳಿ.