ಫ್ಲೆಕ್ಸ್ ಅಂಗಡಿಯಿಂದ ಯುಎಕ್ಸ್ ಕ್ಲಾಸಿಗೆ: ಮೂರು ತಿಂಗಳ ಕೋರ್ಸ್ ಹೇಗಿತ್ತು?

ಮಂಡ್ಯದಲ್ಲಿ ಎಂಟು ವರ್ಷ ಫ್ಲೆಕ್ಸ್ ಡಿಸೈನ್ ಮಾಡಿದವನು ನಾನು. ಪ್ರತಿ ಶನಿವಾರ ರೈಲು ಹತ್ತಿ ಮೈಸೂರಿನ ಸರಸ್ವತಿಪುರಂಗೆ ಹೋಗಿ ಈ ಯುಎಕ್ಸ್ ಕೋರ್ಸ್ ಮುಗಿಸಿದೆ. ಯುಎಕ್ಸ್ ಅಂದರೆ ಆ್ಯಪ್, ವೆಬ್‌ಸೈಟ್‌ಗಳನ್ನು ಜನ ಸುಲಭವಾಗಿ ಬಳಸುವಂತೆ ಡಿಸೈನ್ ಮಾಡೋದು.

ಅಂಧರು, ವಯಸ್ಸಾದವರು ಎಲ್ಲರೂ ಬಳಸಬಲ್ಲ ಆ್ಯಪ್ ಮಾಡೋದೇ ಇಲ್ಲಿ ಮುಖ್ಯ ಪಾಠ. ನಾನು ಹಾಲಿನ ಡೇರಿಗೊಂದು ಆ್ಯಪ್ ಮಾಡಿದ್ದೆ. ಮೇಡಂ ಫೋನಿನಲ್ಲಿ, ಪರದೆ ಮೇಲಿರೋದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ, 'ಕಣ್ಣು ಮುಚ್ಚಿ ಬಿಲ್ ಹುಡುಕಿ' ಅಂದರು. ಬೆರಳಿಟ್ಟಲ್ಲೆಲ್ಲ ಫೋನು ಬರೀ 'ಬಟನ್, ಬಟನ್' ಅಂತು. ಚಿತ್ರದ ಬಟನ್‌ಗಳಿಗೆ ನಾನು ಹೆಸರೇ ಕೊಟ್ಟಿರಲಿಲ್ಲ! ಬಿಳಿ ಮೇಲಿನ ತಿಳಿ ಬೂದು ಅಕ್ಷರವೂ ಫೇಲ್. ವೆಬ್‌ಸೈಟ್, ಆ್ಯಪ್‌ಗಳನ್ನು ಎಲ್ಲರೂ ಬಳಸುವಂತಿರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಇರಬೇಕಂತೆ. ಫ್ಲೆಕ್ಸ್‌ನಲ್ಲಿ ಹಳದಿ ಮೇಲೆ ಬಿಳಿ ಎಷ್ಟು ಸಲ ಹಾಕಿದ್ದೇನೋ!

ಬೇಜಾರಾದದ್ದೂ ಇದೆ. ಕ್ಲಾಸ್ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಗಾಲಿಕುರ್ಚಿಯವರು ಈ ಪಾಠ ಕಲಿಯೋದು ಬೇಡವಾ? ದಿನಾ ಟಾಕ್‌ಬ್ಯಾಕ್ ಬಳಸುವ ಒಬ್ಬರನ್ನೂ ಕರೆಸಲಿಲ್ಲ. ಸುಮ್ನೆ ಕಣ್ಣು ಮುಚ್ಚಿದರೆ ಅವರ ಅನುಭವ ಬರಲ್ಲ. ಕನ್ನಡದ ಉದಾಹರಣೆಯೂ ಕಮ್ಮಿ. ಒತ್ತಕ್ಷರಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು ಅನ್ನೋದನ್ನು ನಾನೇ ಹೇಳಬೇಕಾಯಿತು.

ಐದಕ್ಕೆ ಮೂರೂವರೆ ಕೊಡ್ತೀನಿ. ಮೇಡಂಗೆ ಮಾತ್ರ ಐದಕ್ಕೆ ಐದು.