ಉಣ್ಣದ ಮಗಳಿಗೆ ಟೆಲಿ ಮನಸ್ 14416 ಎಷ್ಟು ಆಸರೆ?

ಟೆಲಿ ಮನಸ್ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಪ್ಪಗಾಗುವ ಭಯದಿಂದ ಮಗಳು ಊಟ ಬಿಡುತ್ತಿದ್ದರೆ (ಈಟಿಂಗ್ ಡಿಸಾರ್ಡರ್), ಮುಂಬಯಿ ಕಡೆಯ ಡೊಂಬಿವಲಿ, ಮುಲುಂಡಿನ ಕನ್ನಡದ ಮನೆಯವರು ಮೊದಲು ಈ ನಂಬರಿಗೆ ಕರೆ ಮಾಡುವುದು ಒಳ್ಳೆಯದು. ಉಚಿತ, 24 ಗಂಟೆಯೂ ಇರುತ್ತದೆ, ಭಾಷೆಗಳಲ್ಲಿ ಕನ್ನಡವೂ ಉಂಟು. ಆದರೆ ಇದೇ ಚಿಕಿತ್ಸೆಯಲ್ಲ. ಮನೋವೈದ್ಯರು, ಫಿಜಿಶಿಯನ್, ಡಯಟಿಶಿಯನ್ ಮೂವರೂ ಬೇಕು.

"ಸರಿಯಾಗಿ ಉಣ್ಣಲ್ಲ" ಎಂದಷ್ಟೇ ಹೇಳಿದರೆ ಸಾಲದು. ಉಂಡ ಕೂಡಲೇ ಬಾತ್‌ರೂಮಿಗೆ ಹೋಗಿ ವಾಂತಿಯ ಸದ್ದು ಕೇಳದಂತೆ ನಲ್ಲಿ ಬಿಡುತ್ತಾಳಾ, ಮುಟ್ಟು ನಿಂತಿದೆಯಾ, ತಲೆ ಸುತ್ತುತ್ತದಾ, ಎಲ್ಲ ಹೇಳಿ. ಪದೇಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ಪ್ರಜ್ಞೆ ತಪ್ಪಿದರೆ ಸಲಹೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಬಹಳ ದಿನ ಉಪವಾಸ ಇದ್ದವಳಿಗೆ ಒಮ್ಮೆಲೇ ತಟ್ಟೆ ತುಂಬ ಬಡಿಸಿದರೆ ರಕ್ತದ ಫಾಸ್ಫೇಟ್ ಎಂಬ ಲವಣ ಕುಸಿದು ಅಪಾಯವಾಗಬಹುದು. ವೈದ್ಯರು ಹೇಳಿದಷ್ಟೇ ಹೆಚ್ಚಿಸಿ. "ಈಗ ಮೈ ತುಂಬ್ಕೊಂಡಿದೀಯ" ಎಂಬ ಅತ್ತೆಯ ಮೆಚ್ಚುಗೆಯೂ ಚುಚ್ಚುತ್ತದೆ, ಅವರಿಗೂ ಮೊದಲೇ ಹೇಳಿಡಿ.