ಐದು ಮಳೆಗಾಲ ಕಂಡ ನಮ್ಮ ಬೀರು

ನಮ್ಮ ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಬೀರುವಿನ ಬಾಗಿಲು ತೆಗೆದರೆ ಬಟ್ಟೆಗಿಂತ ಮೊದಲು ವಾಸನೆ ಹೊರಗೆ ಬರುತ್ತದೆ. ಬೂಷ್ಟು ವಾಸನೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಊರಲ್ಲಿ ಮಲಗುವ ಕೋಣೆಗೆ ನಾವೇ ಅಳತೆ ಹಾಕಿ, ನಾವೇ ಜೋಡಿಸಿದ ಪ್ಲೈವುಡ್ ಬೀರು ಇದು. 2021ರ ಫೆಬ್ರವರಿಯಲ್ಲಿ ಶುರು ಮಾಡಿ ಮಾರ್ಚ್ ಮೊದಲ ವಾರ ಮುಗಿಸಿದೆವು. ಈಗ ಐದು ಮಳೆಗಾಲ ಕಳೆದಿದೆ. ಹೊಸದರಲ್ಲಿ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಈಗ ಎಲ್ಲಿ ಗೆದ್ದೆವು, ಎಲ್ಲಿ ತಪ್ಪಿದೆವು ಅಂತ ಸರಿಯಾಗಿ ಗೊತ್ತಾಗಿದೆ.

ನಾವೇ ಮಾಡೋಣ ಅಂತ ಹೊರಟಿದ್ದು ದುಡ್ಡಿನ ಕಾರಣಕ್ಕೆ. ಆರು ಅಡಿ ಅಗಲ, ಏಳು ಅಡಿ ಎತ್ತರದ ಬೀರುವಿಗೆ ಮಾಡ್ಯುಲರ್ ಕೆಲಸ ಮಾಡುವವರೊಬ್ಬರು ಚದರ ಅಡಿಗೆ 1,700 ರೂಪಾಯಿ ಹೇಳಿದರು. 42 ಚದರ ಅಡಿಗೆ 71,400. ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಅಂದರೆ 84 ಸಾವಿರ ದಾಟಿತು. ಒಳಗಿನ ಹಲಗೆ ಯಾವುದು ಅಂತ ಕೇಳಿದೆ. ಪಾರ್ಟಿಕಲ್ ಬೋರ್ಡ್ ಅಂದರು. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ ಅದು. ಅಂಚಿನಿಂದ ನೀರು ಕುಡಿದರೆ ಊದಿಕೊಳ್ಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ನಮ್ಮ ಮಳೆಗೆ ಅದು ಆಗದ ಮಾತು. ನಮ್ಮ ಕೈಲಿ ಇದ್ದಿದ್ದು 45 ಸಾವಿರ.

ಮೊದಲು ಮಾಡಿದ ಕೆಲಸ ಬಟ್ಟೆ ಎಣಿಸಿದ್ದು. ಇದನ್ನು ಯಾರಿಗಾದರೂ ಒತ್ತಿ ಹೇಳುತ್ತೇನೆ. ಒಂದು ಭಾನುವಾರ ಇಬ್ಬರ ಬಟ್ಟೆಯನ್ನೂ ಮಂಚದ ಮೇಲೆ ಸುರಿದು, ನೇತು ಹಾಕುವುದು ಯಾವುದು, ಮಡಚಿಡುವುದು ಯಾವುದು ಅಂತ ಬೇರೆ ಮಾಡಿದೆವು. ಸೀರೆ, ಪಂಚೆ, ಟವೆಲ್, ಬೆಡ್‌ಶೀಟ್ ಎಲ್ಲಾ ಮಡಚುವ ಗುಂಪಿಗೆ ಹೋದವು. ನೇತು ಹಾಕಬೇಕಾದದ್ದು ನಮ್ಮ ಮನೆಯವರ ಶರ್ಟು, ನನ್ನ ಕುರ್ತಾ ಇಷ್ಟೇ. ಅಂಗಡಿಯಲ್ಲಿ ತೋರಿಸುವ ಬೀರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ರಾಡಿಗೇ ಹೋಗಿರುತ್ತದೆ. ಸೀರೆ ಉಡುವ ಮನೆಗೆ ಅಷ್ಟು ಬೇಡ.

ಆಮೇಲೆ ಗ್ರಾಫ್ ಹಾಳೆ ಹಿಡಿದು ಕೂತೆ. ಒಂದೇ ದೊಡ್ಡ ಪೆಟ್ಟಿಗೆ ಮಾಡದೆ, ಮೂರು ಮೂರು ಅಡಿಯ ಎರಡು ಪೆಟ್ಟಿಗೆ ಮಾಡಿ ಪಕ್ಕ ಪಕ್ಕ ನಿಲ್ಲಿಸುವುದು ಅಂತ ತೀರ್ಮಾನಿಸಿದೆವು. ಇಬ್ಬರಿಂದ ಎತ್ತಲು ಆಗಬೇಕಲ್ವಾ? ಎಡಗಡೆಯದರಲ್ಲಿ ಮೇಲೊಂದು ಹಲಗೆ, ಕೆಳಗೆ ರಾಡು, ಅದರಡಿ ಸೂಟ್‌ಕೇಸ್. ಬಲಗಡೆಯದಕ್ಕೆ ನಡುವೆ ಮೇಲಿಂದ ಕೆಳಗಿನ ತನಕ ಒಂದು ಅಡ್ಡ ಹಲಗೆ. ಒಂದು ಪಾಲಿಗೆ ಸಾಲು ಹಲಗೆಗಳು, ಇನ್ನೊಂದು ಪಾಲಿಗೆ ಮೂರು ಡ್ರಾಯರ್. ಒಟ್ಟು ನಾಲ್ಕು ಬಾಗಿಲು, ಒಂದೊಂದು 18 ಇಂಚು ಅಗಲ.

ಹಾಳೆಯನ್ನು ಮೊದಲು ತೋರಿಸಿದ್ದು ನಮ್ಮ ಬೀದಿಯ ಬಡಗಿ ಆಚಾರ್ರಿಗೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಅಕ್ಕಾ, ಬ್ಲೇಡು ತಿನ್ನೋದು ಲೆಕ್ಕ ಹಿಡಿದ್ರಾ?" ನಾನು ಆಳ ಸರಿಯಾಗಿ 24 ಇಂಚು ಬರೆದಿದ್ದೆ. ಪ್ಲೈವುಡ್ ಶೀಟು ಬರುವುದು ಎಂಟು ಅಡಿಗೆ ನಾಲ್ಕು ಅಡಿ. ನಾಲ್ಕು ಅಡಿ ಅಂದರೆ 48 ಇಂಚು. ಅದರಲ್ಲಿ 24ರ ಎರಡು ಪಟ್ಟಿ ಬರುವುದಿಲ್ಲ, ಗರಗಸದ ಬ್ಲೇಡೇ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. ಆಳವನ್ನು 23.5 ಮಾಡಿದರೆ ಒಂದು ಶೀಟಿನಲ್ಲಿ ಎರಡು ಪಕ್ಕದ ಹಲಗೆ ಸಲೀಸಾಗಿ ಸಿಗುತ್ತವೆ. ಹ್ಯಾಂಗರ್ ಅಗಲ 17-18 ಇಂಚು ಇರುತ್ತದೆ, ಹಾಗಾಗಿ ಈ ಅರ್ಧ ಇಂಚಿನಿಂದ ಏನೂ ತೊಂದರೆ ಇಲ್ಲ. ಆ ಒಂದು ಮಾತಿನಿಂದ ನಮಗೆ ಎರಡು ಶೀಟು ಉಳಿಯಿತು.

ಎತ್ತರದ ಮಾತೂ ಅವರೇ ಹೇಳಿದ್ದು. ಕೋಣೆಯಲ್ಲಿ ಏಳಡಿ ಎತ್ತರಕ್ಕೆ ಸಿಮೆಂಟಿನ ಸಜ್ಜಾ ಇದೆ. ಅದರ ಕೆಳಗೆ ಏಳಡಿಯದೇ ಬೀರು ಮಾಡಿದರೆ ಒಳಗೆ ತಳ್ಳಲು ಆಗುವುದಿಲ್ಲ. ಪೆಟ್ಟಿಗೆ 80 ಇಂಚು, ಅಡಿಗೆ 3 ಇಂಚಿನ ಪೀಠ, ಮೇಲೆ ಒಂದು ಇಂಚು ಖಾಲಿ. ಆ ಖಾಲಿ ಜಾಗಕ್ಕೆ ಕೊನೆಗೆ ಒಂದು ಪಟ್ಟಿ ಹೊಡೆದರೆ ಆಯಿತು. ಅಡಿಯ ಪೀಠ ಇಲ್ಲದಿದ್ದರೆ ನೆಲ ಒರೆಸುವ ನೀರು ದಿನಾ ಹಲಗೆಗೆ ತಾಗುತ್ತಿತ್ತು.

ಪ್ಲೈವುಡ್ ತಂದಿದ್ದು ಶಿವಮೊಗ್ಗದಿಂದ. ಅಂಗಡಿಯಲ್ಲಿ ಎಂಆರ್, ಬಿಡಬ್ಲ್ಯುಆರ್, ಮರೀನ್ ಅಂತ ಮೂರು ದರ ಹೇಳುತ್ತಾರೆ. ಎಂಆರ್ ಅಂದರೆ ತೇವ ತಡೆಯುವುದು, ನೀರು ತಡೆಯುವುದಲ್ಲ. ಬಿಡಬ್ಲ್ಯುಆರ್ ಕುದಿಯುವ ನೀರನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಇವೆರಡಕ್ಕೂ ಐಎಸ್ 303 ಅಂತ ಗುರುತು ಇರುತ್ತದೆ, ನೀರನ್ನು ಇನ್ನೂ ಚೆನ್ನಾಗಿ ತಡೆಯುವ ಮರೀನ್‌ಗೆ ಐಎಸ್ 710. ಶೀಟಿನ ಮೇಲೆ ಐಎಸ್‌ಐ ಮುದ್ರೆ, ಅದರ ಜೊತೆ ಲೈಸೆನ್ಸ್ ನಂಬರು ಇದೆಯಾ ಅಂತ ನೋಡಿ. ನಾನು ಎರಡು ಅಂಗಡಿಯಿಂದ ಅಂಗೈ ಅಗಲದ ತುಂಡು ಕೇಳಿ ತಂದೆ. ಮನೆಗೆ ಬಂದು ಬಚ್ಚಲು ಹಂಡೆಯ ಕುದಿಯುವ ನೀರಿಗೆ ಎರಡನ್ನೂ ಹಾಕಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ತನಕ ಒಲೆ ಉರಿಸಿದೆವು. ತೆಗೆದಾಗ ಒಂದು ತುಂಡಿನ ಪದರಗಳು ಹಳೇ ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿದ್ದವು, ಉಗುರಿನಲ್ಲೇ ಎಬ್ಬಿಸಬಹುದಿತ್ತು. ಇನ್ನೊಂದು ಬಣ್ಣ ಕಪ್ಪಾಗಿತ್ತು, ಅಷ್ಟೇ. ಎರಡಕ್ಕೂ ಬಿಡಬ್ಲ್ಯುಆರ್ ಅಂತಲೇ ಹೇಳಿ ಕೊಟ್ಟಿದ್ದರು. ಬಿಚ್ಚಿಕೊಳ್ಳದ ತುಂಡಿನ ಅಂಗಡಿಯಿಂದಲೇ ತಂದೆವು.

18 ಎಂಎಂ ಆರು ಶೀಟು, ಡ್ರಾಯರಿಗೆ 12 ಎಂಎಂ ಒಂದು, ಹಿಂಬದಿಗೆ 6 ಎಂಎಂ ಎರಡು. ಎಲ್ಲಾ ಸೇರಿ 19,900. ಹೊರಗಿನ ಮೈಕಾ ಮೂರು ಶೀಟು 3,900, ಒಳಗಿನ ತೆಳು ಬಿಳಿ ಮೈಕಾ ಏಳು ಶೀಟು 3,850. ಹಿಂಜು 16ಕ್ಕೆ 1,920. ಡ್ರಾಯರ್ ಜಾರುವ ಕಬ್ಬಿಣದ ಹಳಿ, ಅಂದರೆ ಚಾನೆಲ್ 1,050, ಹಿಡಿಕೆಗಳು 1,050, ರಾಡು 500, ಅಂಟು 1,500, ಅಂಚಿನ ಪಟ್ಟಿ 800, ಸ್ಕ್ರೂ ಮತ್ತಿತರ ಸಣ್ಣಪುಟ್ಟ 1,200. ಅಂಗಡಿಯಲ್ಲೇ ಕೊಯ್ಸಿದ್ದು ಮತ್ತು ಗಾಡಿ ಬಾಡಿಗೆ 3,000. ಆಚಾರ್ರ ನಾಲ್ಕು ದಿನದ ಕೂಲಿ 4,400. ಒಟ್ಟು 43,070. ಇದು 2021ರ ದರ, ಈಗ ಜಾಸ್ತಿಯೇ ಆಗುತ್ತದೆ.

ಜೋಡಿಸುವ ಕೆಲಸ ನಾನು, ನನ್ನ ತಮ್ಮ ಮಾಡಿದೆವು. ಮೈಕಾ ಅಂಟಿಸುವುದು, ಹಿಂಜು ಕೂರಿಸುವುದು ಆಚಾರ್ರದು. ಬಾಗಿಲಿಗೆ 35 ಎಂಎಂ ಗುಂಡಿ ಕೊರೆಯುವಾಗ ಸ್ವಲ್ಪ ಆಚೀಚೆ ಆದರೂ ಹಲಗೆಯೇ ಹಾಳು. ಅಲ್ಲಿ ಕೂಲಿ ಉಳಿಸಲು ಹೋಗದಿದ್ದದ್ದು ಒಳ್ಳೆಯದಾಯಿತು. ಪೆಟ್ಟಿಗೆ ನಿಲ್ಲಿಸುವಾಗ ರಸಮಟ್ಟ ಇಟ್ಟು ನೋಡಿದರೆ ನೆಲ ಒಂದು ಮೂಲೆಗೆ ಇಳಿದಿತ್ತು. ಪೀಠದಡಿ ಚೂರು ಹಲಗೆ ಕೊಟ್ಟು ಸರಿ ಮಾಡಿದೆವು. ಮಟ್ಟ ಇಲ್ಲದಿದ್ದರೆ ಬಾಗಿಲುಗಳ ನಡುವಿನ ಸಂದು ಯಾವತ್ತೂ ನೇರ ಆಗುವುದಿಲ್ಲ.

ಇನ್ನು ತೊಂದರೆಗಳ ವಿಷಯ.

ಮೊದಲನೆಯದು ದೊಡ್ಡದು. 2022ರ ಜುಲೈ, ಮಳೆ ಬಿಡದೆ ಹೊಡೆಯುತ್ತಿತ್ತು. ಅಮ್ಮ ಕೊಟ್ಟ ಹಸಿರು ರೇಷ್ಮೆ ಸೀರೆ ತೆಗೆಯಲು ಬಾಗಿಲು ತೆರೆದೆ. ಸೀರೆಯ ಹಿಂದಿನ ಮಡಿಕೆಯಲ್ಲಿ ಬೂದಿ ಉದುರಿದಂತೆ ಸಣ್ಣ ಸಣ್ಣ ಚುಕ್ಕೆ. ಕೈ ಹಾಕಿ ಹಿಂಬದಿ ಹಲಗೆ ಮುಟ್ಟಿದರೆ ತಣ್ಣಗೆ, ಅಂಟಂಟು. ನನಗೆ ಅಳು ಬಂತು. ಬಟ್ಟೆ ಎಲ್ಲಾ ಇಳಿಸಿ, ತಮ್ಮನನ್ನು ಕರೆಸಿ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದೆವು. ಬೀರುವಿನ ಬೆನ್ನಿನ ತುಂಬ ಬಿಳಿ, ಹಸಿರು ಬೂಷ್ಟು. ಕಾರಣ ಆಗಲೇ ಗೊತ್ತಾಯಿತು. ಅದು ಪಶ್ಚಿಮದ ಗೋಡೆ, ಮಳೆ ಗಾಳಿ ನೇರವಾಗಿ ಬಡಿಯುವ ಕಡೆ. ಹೊರಗಿನ ಗಾರೆಯಲ್ಲಿ ಬಿರುಕೂ ಇತ್ತು. ನಾವು ಬೀರುವನ್ನು ಗೋಡೆಗೆ ಒತ್ತಿಸಿ ನಿಲ್ಲಿಸಿದ್ದೆವು. ಬೆನ್ನಿನ 6 ಎಂಎಂ ಹಲಗೆಗೆ ಗೋಡೆಯ ಕಡೆ ಏನೂ ಬಳಿದಿರಲಿಲ್ಲ. ಕಾಣದ ಭಾಗ ಅಂತ ದುಡ್ಡು ಉಳಿಸಿದ್ದೆವು. ಗೋಡೆಯ ತೇವವನ್ನೆಲ್ಲ ಅದು ಕುಡಿದಿತ್ತು.

ಮಳೆ ನಿಂತ ಮೇಲೆ ಬೆನ್ನನ್ನು ಬಿಚ್ಚಿ, ಒರೆಸಿ, ಒಂದು ವಾರ ಬಿಸಿಲಿಗೆ ಇಟ್ಟೆವು. ಪ್ರೈಮರ್ ಹೊಡೆದು, ಎರಡೂ ಕಡೆ ಎನಾಮೆಲ್ ಬಣ್ಣ ಎರಡು ಸಲ ಬಳಿದೆವು. ಹೊರಗಿನ ಬಿರುಕು ಮುಚ್ಚಿಸಿದೆವು. ಬೀರುವನ್ನು ಗೋಡೆಯಿಂದ ಒಂದೂವರೆ ಇಂಚು ಮುಂದಕ್ಕೆ ನಿಲ್ಲಿಸಿ, ಮೇಲಿನ ಪಟ್ಟಿಯಲ್ಲಿ ಗಾಳಿ ಆಡಲು ತೂತು ಕೊರೆದೆವು. 1,600 ರೂಪಾಯಿ ಖರ್ಚಾಯಿತು. ಆಮೇಲಿನ ಮೂರು ಮಳೆಗಾಲದಲ್ಲಿ ಬೆನ್ನಿಗೆ ಬೂಷ್ಟು ಬಂದಿಲ್ಲ. ಪ್ರತಿ ಜೂನ್‌ನಲ್ಲಿ ಟಾರ್ಚ್ ಹಿಡಿದು ಆ ಸಂದಿನಲ್ಲಿ ನೋಡುತ್ತೇನೆ. ಒಳಗೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರುವ ಡಬ್ಬಿ ಎರಡು ಇಡುತ್ತೇನೆ. ಜುಲೈನಲ್ಲಿ ಮೂರು ವಾರಕ್ಕೆ ಅದರಡಿ ನೀರು ತುಂಬುತ್ತದೆ. ಸೀರೆಯ ಚುಕ್ಕೆ ಮಾತ್ರ ಪೂರ್ತಿ ಹೋಗಲಿಲ್ಲ.

ಎರಡನೆಯದು ಹಿಂಜು. ನಮಗೆ ಬೇಕಾದ ಒಳ್ಳೆಯ ಹಿಂಜು ಅಂಗಡಿಯಲ್ಲಿ ಹನ್ನೆರಡೇ ಇದ್ದವು. ಉಳಿದ ನಾಲ್ಕನ್ನು ಅಗ್ಗದ್ದು ತಂದು ಒಂದು ಬಾಗಿಲಿಗೆ ಹಾಕಿದೆವು. ಎರಡೂ ಕಡೆ ಮೈಕಾ ಇರುವ ಇಷ್ಟೆತ್ತರದ ಬಾಗಿಲು ಹದಿಮೂರು ಕಿಲೋ ಆಸುಪಾಸು ತೂಗುತ್ತದೆ. ಒಂದೂವರೆ ವರ್ಷಕ್ಕೆ ಆ ಬಾಗಿಲು ಮೆಲ್ಲಗೆ ಮುಚ್ಚುವುದನ್ನು ಬಿಟ್ಟು ಧಡ್ ಅಂತ ಬಡಿಯತೊಡಗಿತು, ಮೂಲೆ ಜಗ್ಗಿತು. ನಾಲ್ಕನ್ನೂ ಬದಲಾಯಿಸಲು 600 ರೂಪಾಯಿ ಆಯಿತು. ಉಳಿದ ಹನ್ನೆರಡು ಇವತ್ತಿಗೂ ಸದ್ದಿಲ್ಲದೆ ಕೆಲಸ ಮಾಡುತ್ತಿವೆ. ವರ್ಷಕ್ಕೊಮ್ಮೆ ಸ್ಕ್ರೂ ಬಿಗಿ ಮಾಡುತ್ತೇನೆ, ಅಷ್ಟೇ.

ಮೂರಡಿ ಅಗಲದ ಮೇಲಿನ ಹಲಗೆ ಸ್ವಲ್ಪ ಬಗ್ಗಿತು. ಅದರ ಮೇಲೆ ರಗ್ಗು, ಕಂಬಳಿ ಜೊತೆ ಒಂದು ಭಾರದ ಪೆಟ್ಟಿಗೆಯನ್ನೂ ಇಟ್ಟಿದ್ದೆವು. ದಾರ ಎಳೆದು ನೋಡಿದರೆ ನಡುವೆ 3 ಮಿಲಿಮೀಟರ್ ಇಳಿದಿತ್ತು. ಉಳಿದಿದ್ದ ಪ್ಲೈವುಡ್ ಪಟ್ಟಿಯನ್ನು ಮುಂದಿನ ಅಂಚಿನಡಿ ಉದ್ದಕ್ಕೂ ಹೊಡೆದ ಮೇಲೆ ನಿಂತಿತು. ಅಡ್ಡ ಹಲಗೆ ಇರುವ ಬಲಗಡೆ ಪೆಟ್ಟಿಗೆಯಲ್ಲಿ ಒಂದು ಹಲಗೆಯೂ ಬಗ್ಗಿಲ್ಲ. ಸೀರೆ ಪೇರಿಸುವ ಹಲಗೆ ಎರಡಡಿ ಮೀರದಂತೆ ನೋಡಿಕೊಳ್ಳಿ. ಅಂಚಿನ ಪಟ್ಟಿ ಕೆಳಗಡೆ ಎರಡು ಮೂರು ಕಡೆ ಎದ್ದಿತ್ತು, ರಬ್ಬರ್ ಅಂಟು ಹಾಕಿ ಕೂರಿಸಿದೆ.

ಬಾಗಿಲುಗಳು ಮಾತ್ರ ಇಷ್ಟು ಮಳೆಗೂ ಸೊಟ್ಟಗಾಗಿಲ್ಲ. ಇದಕ್ಕೆ ಆಚಾರ್ರ ಹಟವೇ ಕಾರಣ. ಬಾಗಿಲಿನ ಒಳಮೈಗೆ ಬಣ್ಣ ಸಾಕು, ಮೈಕಾ ಯಾಕೆ ಅಂತ ನಾನು ಕೇಳಿದ್ದೆ. "ಒಂದೇ ಕಡೆ ಅಂಟಿಸಿದ್ರೆ ಬಾಗ್ಲು ಬಿಲ್ಲಾಗುತ್ತೆ ಅಕ್ಕಾ, ನಾನು ಕೂರ್ಸಿಕೊಡಲ್ಲ" ಅಂದುಬಿಟ್ಟರು. ಒಂದು ಕಡೆ ಮೈಕಾ, ಇನ್ನೊಂದು ಕಡೆ ಬರೀ ಹಲಗೆ ಇದ್ದರೆ ಎರಡು ಮೈಯೂ ತೇವಕ್ಕೆ ಒಂದೇ ರೀತಿ ಹಿಗ್ಗುವುದಿಲ್ಲ. ಪಕ್ಕದ ಮನೆಯ ಬೀರುವಿನಲ್ಲಿ ಹಾಗೆ ಬಿಲ್ಲಾದ ಬಾಗಿಲನ್ನು ಆಮೇಲೆ ಕಣ್ಣಾರೆ ನೋಡಿದೆ.

ಈ ಬೀರು ನಮಗೆ ತುಂಬಾ ಇಷ್ಟ. ಬಟ್ಟೆ ಹುಡುಕುವುದು ನಿಂತಿದೆ. ರಿಪೇರಿ ಸೇರಿ ಇಲ್ಲಿಯವರೆಗೆ 45,270 ಆಗಿದೆ, ತೇವದ ಡಬ್ಬಿಗಳ ಖರ್ಚು ಬೇರೆ. ಸಮಯ ಇಲ್ಲದವರು, ಹತ್ತಿರ ನಂಬಿಕೆಯ ಬಡಗಿ ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಕೆಲಸ ಮುಗಿಯುವ ತನಕ ವಾರಾಂತ್ಯಗಳೆಲ್ಲ ಪೂರ್ತಿ ಹೋದವು ನಮಗೆ. ಬಾಡಿಗೆ ಮನೆಯವರಿಗೂ ಬೇಡ, ಸಾಗಿಸಲು ಕಷ್ಟ. ಅವರಿಗೆ ಕಬ್ಬಿಣದ ಬೀರುವೇ ಸರಿ.

ಒಂದು ತಪ್ಪು ಇನ್ನೂ ಹಾಗೇ ಉಳಿದಿದೆ. ಬಾಗಿಲಿನ ಒಳಗೆ ಡ್ರಾಯರ್ ಇಟ್ಟರೆ, ಹಿಂಜು ಇರುವ ಕಡೆ ಚಾನೆಲ್ ಹಿಂದೆ ಒಂದು ಪಟ್ಟಿ ಕೊಟ್ಟು ಡ್ರಾಯರನ್ನು ಒಳಕ್ಕೆ ತರಬೇಕು. ನನ್ನ ಗ್ರಾಫ್ ಹಾಳೆಯಲ್ಲಿ ಆ ಪಟ್ಟಿ ಇರಲಿಲ್ಲ. ಬಾಗಿಲನ್ನು ಪೂರ್ತಿ ತೆರೆಯದೆ ಡ್ರಾಯರ್ ಎಳೆದರೆ ಅದರ ಮೂಲೆ ಬಾಗಿಲಿಗೆ ಉಜ್ಜುತ್ತದೆ. ಬಿಳಿ ಮೈಕಾ ಮೇಲೆ ಮೂರು ಡ್ರಾಯರಿಗೂ ಒಂದೊಂದು ಗೆರೆ ಬಿದ್ದಿದೆ. ದೀಪಾವಳಿ ರಜೆಗೆ ತಮ್ಮ ಬರುತ್ತಾನೆ. ಮೂರನ್ನೂ ಬಿಚ್ಚಿ, ಅಗಲ ಮುಕ್ಕಾಲು ಇಂಚು ಕಡಿಮೆ ಮಾಡಿ, ಪಟ್ಟಿ ಕೊಟ್ಟು ಮತ್ತೆ ಕೂರಿಸಬೇಕು. ಪಟ್ಟಿಗೆ ಬೇಕಾದ 18 ಎಂಎಂ ತುಂಡುಗಳನ್ನು ಅಟ್ಟದಲ್ಲಿ ತೆಗೆದಿಟ್ಟಿದ್ದೇನೆ.